ಹೆಪ್ಪು

ಬೆಳಗಿನ ಆರೂಕಾಲು. ಕೊರಲುಕೊಪ್ಪದ ಡೈರಿ.
ಮೇಜಿನ ಮೇಲೆ ತೂಕದ ಯಂತ್ರ, ಪಕ್ಕದಲ್ಲಿ ಫ್ಯಾಟಿನ ಯಂತ್ರ,
ಎರಡರ ನಡುವೆ ನಾನು, ಮೂರನೆಯದು.

ಗುತ್ಯಮ್ಮನ ಕ್ಯಾನು ಬಗ್ಗಿಸಿದೆ.
ಯಂತ್ರ ಒಂದು ಗುಟುಕು ಹೀರಿ,
ಮುಕ್ಕಾಲು ನಿಮಿಷ ಯೋಚಿಸಿ,
ಚೀಟಿ ಉಗುಳಿತು:
ಫ್ಯಾಟು ನಾಲ್ಕು ಪಾಯಿಂಟ್ ಒಂದು,
ಎಸ್ಸೆನ್ನೆಫ್ಫು ಎಂಟೂವರೆ,
ನೀರು ಸೊನ್ನೆ.
ಆ ದಿನ ಊರಿಗೇ ಒಳ್ಳೆಯ ಹಾಲು.

ನನಗೆ ಗೊತ್ತಿತ್ತು.
ಹಿಂದಿನ ಸಂಜೆ ಅವಳ ಜರ್ಸಿಯ ಕೆಚ್ಚಲು
ಕಾದ ಹೆಂಚಿನ ಹಾಗಿತ್ತು.
ಎಡಗಡೆಯ ಹಿಂದಿನ ಮೊಲೆಯಿಂದ ಹಾಲು
ಹರಳು ಹರಳಾಗಿ, ಒಂದು ಕೆಂಪು ಎಳೆಯೊಂದಿಗೆ.
ರಿಪ್ಪನ್‌ಪೇಟೆಯಿಂದ ಬೈಕಿನಲ್ಲಿ ಬಂದ ಡಾಕ್ಟರು
ಮೊಲೆಯೊಳಕ್ಕೆ ಟ್ಯೂಬು ಹಿಂಡಿ, ಕುತ್ತಿಗೆಗೆ ಸೂಜಿ ಚುಚ್ಚಿ,
ಕೈ ತೊಳೆಯುತ್ತ ಹೇಳಿದ್ದರು:
'ಮೂರು ದಿನ ಡೈರಿಗೆ ಹಾಕ್ಬೇಡಿ. ಕರೂಗೂ ಬೇಡ.'
ಟಾರ್ಚು ಹಿಡಿದು ನಿಂತವಳು ನಾನೇ.

ಮೂರು ದಿನವೆಂದರೆ ಆರು ಕರಾವು,
ಆರು ಕರಾವೆಂದರೆ ನಲವತ್ತು ಲೀಟರು,
ನಲವತ್ತು ಲೀಟರೆಂದರೆ ಒಂದು ಚೀಲ ಹಿಂಡಿ.
ಈ ಲೆಕ್ಕಕ್ಕೆ ಯಂತ್ರ ಬೇಡ.
ಗುತ್ಯಮ್ಮ ನನ್ನ ಮುಖ ನೋಡಲಿಲ್ಲ.
ನಾನು ಚೀಟಿ ಹರಿದು ಕೊಟ್ಟೆ.

ಯಂತ್ರಕ್ಕೆ ಕೊಬ್ಬು ಗೊತ್ತು, ನೀರು ಗೊತ್ತು.
ಆ ಹಿಂಡಿಚೀಲದ ಬುಡದಲ್ಲಿ ಆಷಾಢದ ಥಂಡಿಗೆ
ಹಸಿರು ಬೂಷ್ಟು ಕಟ್ಟಿದ್ದು ಗೊತ್ತಿಲ್ಲ,
ಹಸು ತಿಂದ ಆ ಬೂಷ್ಟಿನ ವಿಷ
ಕೆಚ್ಚಲಿಗೂ ದಾರಿ ಹುಡುಕಿಕೊಳ್ಳುವುದು ಗೊತ್ತಿಲ್ಲ.
ಜೋಳದ ಹೊಲಕ್ಕೆ ಔಷಧಿ ಹೊಡೆದ ಮರುದಿನವೇ
ಬದುವಿನ ಹುಲ್ಲು ಕೊಯ್ದದ್ದೂ.
ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾದೆ ಕಟ್ಟಿದವರು
ಹಾಲೇ ಆಗಿದ್ದರೆ ಏನು ಮಾಡಬೇಕೆಂದು
ಹೇಳಿ ಹೋಗಲಿಲ್ಲ.

ದಿನವೂ ಅರ್ಧ ಲೀಟರು ನನಗೂ ಅವಳದೇ ಹಾಲು.
ಆವತ್ತು ಬೇಡ ಎನ್ನಬಹುದಿತ್ತು.
ಬೇಡ ಎಂದರೆ ಗೊತ್ತಿದೆ ಎಂದ ಹಾಗೆ.
ತಂದೆ. ಮೂರು ಸಲ ಉಕ್ಕಿಸಿದೆ,
ಕುದಿಸಿದರೆ ಹೋಗುವಂಥದ್ದಲ್ಲ ಎಂದು ತಿಳಿದೂ.
ಮಗಳು ಒಂದು ಲೋಟ ಕುಡಿದು
ಬಿಳಿ ಮೀಸೆ ತೋರಿಸಿ ನಕ್ಕಳು.
'ಮೂಳೆ ಗಟ್ಟಿಯಾಗ್ತದೆ' ಎಂದೆ, ದಿನದ ಅಭ್ಯಾಸ;
ಆ ಮಾತು ಬಾಯಲ್ಲೇ ತಳ ಹಿಡಿಯಿತು.

ಉಳಿದದ್ದಕ್ಕೆ ರಾತ್ರಿ ಹೆಪ್ಪು ಹಾಕಿದೆ.

ಬೆಳಗ್ಗೆ ಪಾತ್ರೆ ಓರೆ ಮಾಡಿದರೆ
ಹಾಲೂ ಓರೆಯಾಯಿತು.
ಗಟ್ಟಿಯಾಗಿಲ್ಲ, ಹುಳಿಯಾಗಿಲ್ಲ,
ಕೆಡುವ ಶಕ್ತಿಯೂ ಇಲ್ಲದ ಹಾಗೆ
ತಳದಲ್ಲಿ ನಿನ್ನೆಯ ಮೊಸರಿನ ನಾಲ್ಕು ಚೂರು.
ಹನ್ನೊಂದು ವರ್ಷದ ಹೆಪ್ಪು ಅದು.
ನಾನು ಈ ಊರಿಗೆ ಬಂದ ವಾರ
ಕರಟದಲ್ಲಿ ಹಾಕಿ ಕೊಟ್ಟವಳು ಗುತ್ಯಮ್ಮ:
'ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡಬಾರದು ಮಗಾ,
ಹೊತ್ತಿದ್ದಾಗಲೇ ಒಯ್ಯಿ.'
ದಿನಕ್ಕೊಂದು ಚಮಚ ತೆಗೆದಿಟ್ಟು, ದಿನಕ್ಕೊಂದು ಚಮಚ ಬೆರೆಸಿ,
ಅವಳ ಮನೆಯ ಹುಳಿಯನ್ನು ನನ್ನ ಮನೆಯದು ಮಾಡಿಕೊಂಡಿದ್ದೆ.
ಅವಳ ಹಾಲೇ ಅದನ್ನು ಮುಗಿಸಿತು.

ಖಾಲಿ ಲೋಟ ಹಿಡಿದು ಅವಳ ಅಂಗಳಕ್ಕೆ ಹೋದೆ.
ಗುತ್ಯಮ್ಮ ಕಲ್ಲಿನ ಮೇಲೆ ಕೂತು
ತನ್ನ ಮಡಕೆಯನ್ನು ತೆಂಗಿನ ಬುಡಕ್ಕೆ ಬಗ್ಗಿಸುತ್ತಿದ್ದಳು.
'ನಂದೂ ಹೋಯ್ತು ಕಣೆ' ಎಂದಳು.
ಕ್ಯಾನು ತೊಳೆದು ಬೋರಲು ಹಾಕಿತ್ತು.
ಶಿವಮೊಗ್ಗದ ಟ್ಯಾಂಕರು ನಿನ್ನೆಯೇ ಹೋಗಿತ್ತು,
ಹದಿನೆಂಟು ಊರಿನ ಹಾಲಿನ ನಡುವೆ ನಮ್ಮದನ್ನೂ ಬೆರೆಸಿಕೊಂಡು.
ಅದನ್ನು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

'ಕೆರಿಯಮ್ಮನ ಮನೇಲಿ ಕೇಳಾಣ' ಎಂದೆ.
ಇಬ್ಬರೂ ಎದ್ದೆವು, ಒಂದೊಂದು ಖಾಲಿ ಲೋಟ.
ತಡಬೆ ದಾಟುವಾಗ ಗುತ್ಯಮ್ಮ ನಿಂತಳು:
'ಅವಳ ಹಸೂಗೆ ಎಂತಾರೂ ಸೂಜಿ ಹಾಕ್ಸಿದಾಳನ?'

ಹೆಪ್ಪು ಕೇಳಲು ಹೋದವರು
ಇದನ್ನು ಯಾವತ್ತೂ ಕೇಳಿದ್ದಿಲ್ಲ.
ಹೇಗೆ ಕೇಳಬೇಕೆಂದು
ತಡಬೆಯ ಆಚೆ ಒಬ್ಬಳು, ಈಚೆ ಒಬ್ಬಳು,
ಸ್ವಲ್ಪ ಹೊತ್ತು ನಿಂತಿದ್ದೆವು.