ಆರು ಬೈ ನಾಲ್ಕು

ಹುಮನಾಬಾದಿನಾಗ ಹೈವೇಕ್ಕ ಹತ್ತಿದ ಮಳಿಗಿ,
ಫ್ಲೆಕ್ಸ್ ಅಂಗಡಿ. ಮಾಲಕ ವೈಜಿನಾಥ ಸೇಠ,
ಕಂಪ್ಯೂಟರ್ ಮುಂದ ಕೂಡಾಕಿ ನಾನು.
ಹುಟ್ಟಿದ ಹಬ್ಬಕ್ಕ ಕೆಂಪು ಬಾರ್ಡರ್,
ಎಲೆಕ್ಷನ್ನಿಗೆ ಅವರವರು ಕೇಳಿದ ಬಣ್ಣ,
ಸತ್ತವರಿಗೆ ಆರು ಬೈ ನಾಲ್ಕು,
ಎರಡು ಮೂಲಿಗೆ ಎರಡು ದೀಪ, ನಡುವ ಮಾರಿ.

ಈಗ ಊರ ತುಂಬ ಒಂದೇ ವಾದ,
ಆ ವರ್ಷ ಎಷ್ಟು ಮಂದಿ ಹೋದ್ರು ಅಂತ.
ನಿನ್ನೆ ಟೌನ್ ಹಾಲಿನಾಗ ಮೈಕ್ ಹಚ್ಚಿ ಕುಂತ್ರು.
ಇಲಾಖೆದವರು ಒಂದು ಅಂಕಿ ಓದಿದ್ರು.
ಕಾಲೇಜಿನ ಸರ್ ಅದನ್ನ ಆರರಿಂದ ಗುಣಿಸಿದ್ರು.
ಟಿವಿ ಮಂದಿ ಹೆದರಿಸೇ ಕೊಂದ್ರು ಅಂದ ಇನ್ನೊಬ್ಬ,
ಅವಂಗೂ ಚಪ್ಪಾಳಿ ಬಿದ್ವು.
ಹಿಂದ ನಿಂತ ಝರೆಪ್ಪ, ಸುಡುಗಾಡಿಗೆ ಕಟ್ಟಿಗಿ ಹಾಕಿದಾಂವ,
'ಎಷ್ಟು ಅಂತ ನಾ ಹೇಳ್ತೀನ್ರಿ, ಮೊದಲ ನನ್ನ ಬಿಲ್ ಪಾಸ್ ಮಾಡ್ರಿ' ಅಂದ.
ಮೈಕ್ ಆ ಕಡೆ ಹೋಗಲಿಲ್ಲ.

ಹೈದರಾಬಾದಿಗೆ ಒಯ್ಯೂ ಮುಂದ
ಜಹೀರಾಬಾದ ದಾಟಿದ ಮ್ಯಾಲ ಉಸಿರು ಬಿಟ್ಟಾಕಿ ಇಂದುಮತಿ ಟೀಚರ್.
ಅಲ್ಲಿಯವರು ನಮ್ಮಾಕಿ ಅಲ್ಲ ಅಂದ್ರು,
ಇಲ್ಲಿಯವರು ನಮ್ಮಲ್ಲಿ ಸತ್ತಿಲ್ಲ ಅಂದ್ರು.
ಆಕಿ ಮಗ್ಗಿ ಹೇಳಿಕೊಟ್ಟ ಹುಡುಗ
ಈಗ ಅದೇ ಆಫೀಸಿನಾಗ ಲೆಕ್ಕ ಕೂಡಸ್ತಾನ.
ನನ್ನ ಹಂತ್ಯಾಕ ಆಕಿ ಫೈಲ್ ಅದ.
ಹೆಸರು: ಇಂದುಮತಿ ಫೈನಲ್ ಎರಡು.

ಯಾರೋ ಕೂಗಿದ್ರು, ಫ್ಲೆಕ್ಸ್ ಅಂಗಡಿ ಹುಡುಗಿಗಿ ಕೇಳ್ರಿ.
ಎದ್ದು ನಿಂತೆ. ಕಾಲು ನಡಗ್ತಿದ್ವು.
ಏಪ್ರಿಲ್ಲಿನಿಂದ ಜೂನ್ ತನಕ
ಎರಡು ನೂರಾ ಹದಿನಾಲ್ಕು, ಅಂದೆ.
ಸರ್ ಬರಕೊಂಡ್ರು. ಹಾಲ್ ಗಪ್ಪಾಯ್ತು.

ಕೂತ ಮ್ಯಾಲ ನೆನಪಾಯ್ತು.
ಅದರಾಗ ಎರಡು, ಅಕ್ಷರ ತಪ್ಪಿ ಮತ್ತೊಮ್ಮೆ ಮಾಡಿದ್ದು.
ಒಂದು ಬಕ್ಕಪ್ಪಂದು. ಬೀದರಿನ ದವಾಖಾನಿಯಿಂದ
ಬ್ಯಾರೆ ಬಕ್ಕಪ್ಪನ ಸುದ್ದಿ ಇವರ ಮನಿಗೆ ಬಂದಿತ್ತು.
ಒಂಬತ್ತು ದಿನಕ್ಕ ತಾನೇ ಬಂದು, ಅಂಗಡಿ ಮುಂದ ನಿಂತು,
ತನ್ನ ಫ್ಲೆಕ್ಸ್ ತಾನೇ ನೋಡಿ
ಮೀಸಿ ಛಲೋ ಬಂದಾವ ಅಂದ.
ಅರ್ಧ ರೊಕ್ಕ ಕೊಟ್ಟು ಒಯ್ದ, ತೊಗರಿ ಬಣವಿಗಿ ಹೊಚ್ಚಲಕ್ಕ.

ಹಂಗಾದ್ರ ಮೂರು ಕಳೀಬೇಕು.
ಯೂನುಸ್ ಚಾಚಾನ್ನ ಎಲ್ಲಿ ಕೂಡಿಸಲಿ?
ಅವರ ಮನ್ಯಾಗ ಸತ್ತವರ ಫೋಟೋ ಹಾಕಂಗಿಲ್ಲ.
ತಾಂಡಾದ ಮುದುಕಿ, ಒಂದೇ ಒಂದು ಫೋಟೋ ಇತ್ತು, ಲಗ್ನದ ಗುಂಪಿನಾಗ;
ಎಷ್ಟು ಕತ್ತರಿಸಿದ್ರೂ ಹೆಗಲ ಮ್ಯಾಲ ಯಾರದೋ ಕೈ ಉಳೀತು.
ಬ್ಯಾಡ ಬಿಡವ್ವ ಅಂತ ಹೊಂಟುಹೋದ್ರು.
ಮೀಟರಿಗೆ ಇಷ್ಟು ಅಂದಕೂಡ್ಲೆ
ಮೆಟ್ಲ ಇಳದವರ ಲೆಕ್ಕ ನಾನೂ ಇಟ್ಟಿಲ್ಲ.

ಆ ಮೂರು ತಿಂಗಳು
ಆ ಜಡ್ಡಿನ ಹೆಸರು ಟೈಪ್ ಮಾಡೇ ಇಲ್ಲ ನಾ.
ಹೃದಯಾಘಾತ ಬರಿ. ಸಕ್ರಿ ಬ್ಯಾನಿ ಬರಿ.
ಗೊತ್ತಾದ್ರ ಬಾಗಲಿಗಿ ಬಿದಿರು ಕಟ್ಟತಾರ,
ಹಾಲಿನಾಂವ ಬರಂಗಿಲ್ಲ,
ಮಗಳ ಬೀಗತನ ಮುರೀತದ.
ಬರದೆ. ಕೇಳಿದ್ದು ಬರಿಯೂದೇ ನನ್ನ ಕೆಲಸ.

ಇವತ್ತ ಮುಂಜಾನಿ ಕಸಾ ಹೊಡ್ಯೂ ಮುಂದ
ಸುಗಲಾಬಾಯಿ ಬಂದು ಕುಂತಾಳ, ಸೆರಗಿನಾಗ ಪ್ಲಾಸ್ಟಿಕ್ ಚೀಲ,
ಚೀಲದಾಗ ಸ್ಕ್ಯಾನಿನ ಕಾಗದ, ರೇಷನ್ ಕಾರ್ಡ್.
ಪರಿಹಾರದ ಪಟ್ಟ್ಯಾಗ ಗಂಡನ ಹೆಸರಿಲ್ಲಂತ.
'ತಂಗೀ, ಆವತ್ತು ನಾನೇ ಬ್ಯಾಡ ಅಂದೆ.
ಈಗ ಖರೇದು ಬರದು ಕೊಡು. ಹಳೇ ತಾರೀಖು ಹಾಕು.'
ಫ್ಲೆಕ್ಸು ಸಾಕ್ಷಿ ಆಗಂಗಿಲ್ಲಬೇ, ಅಂದೆ.
ಆಕಿ ಏಳಲಿಲ್ಲ.

ಫೈಲ್ ತಗದೆ.
ಕೋಟು ಹಾಕ್ಕೊಂಡು ನಗಲಕತ್ತಾನ.
ಕೋಟು ಅವಂದಲ್ಲ, ನಾ ಹಾಕಿದ್ದು.
'ಅಲ್ಪಕಾಲದ ಅನಾರೋಗ್ಯ' ಅಳಿಸಿದೆ.
ಜಾಗ ಖಾಲಿ ಆಯ್ತು, ಕರ್ಸರ್ ಮಿಣಮಿಣ ಅಂತು.
ಕೊರೋನಾ ಅಂತ ಬರೀಲೋ, ಕೋವಿಡ್ ಅಂತ ಬರೀಲೋ?

'ನಾ ಸಾಲಿ ಕಲ್ತಾಕಿ ಅಲ್ಲವ್ವ,' ಅಂದ್ಲು,
'ಸಾಹೇಬರು ಒಪ್ಪೂವಂಗ ಬರಿ.'