ಬಿಳಿ ಓಣಿ

ಡಂಡೀ ಊರಿನ ಚರ್ಚ್ ಹಾಲಿನಲ್ಲಿ, ಮಡಚುಮೇಜಿನ ಹಿಂದೆ
ಇಶ್‌ಬೆಲ್ ಕೂತಿದ್ದಾಳೆ; ಅರವತ್ತು ಪ್ರತಿ, ಮೂರು ಪೌಂಡು.
ಪಿನ್ನು ಹೊಡೆದವನು ನಾನು,
ಸ್ವಲ್ಪ ಸೊಟ್ಟ.

ಅವಳ ಕಥೆಯಲ್ಲಿ ಯುದ್ಧವಿಲ್ಲ, ರಾಕೆಟ್ಟಿನ ಬೆಂಕಿಯಿಲ್ಲ.
ಒಂದು ಚೌಕದಲ್ಲಿ ಹೆಂಗಸೊಬ್ಬಳು ಬಾಗಿಲು ಹಾಕಿಕೊಳ್ಳುತ್ತಾಳೆ,
ಪಕ್ಕದ ಚೌಕದಲ್ಲಿ ತೆರೆಯುತ್ತಾಳೆ:
ಬೇರೆ ಸೂರ್ಯ, ನರೆತ ಕೂದಲು.
ನಡುವೆ ಅರ್ಧ ಬೆರಳಿನ ಬಿಳಿ ಓಣಿ.
ನಲವತ್ತು ವರ್ಷ ಅಲ್ಲೇ ಹೋಯಿತು.

ನಿವೃತ್ತ ಬಸ್ ಡ್ರೈವರೊಬ್ಬ ನಿಂತೇ ಓದಿದ,
ಕನ್ನಡಕ ಹಣೆಗೇರಿಸಿ ಕೇಳಿದ:
"ಅಷ್ಟು ದಿನ ಆ ಬೆಕ್ಕಿಗೆ ಹಾಲಿಟ್ಟವರು ಯಾರು?"

ನಾನು ನಕ್ಕೆ. ಅವಳು ನಗಲಿಲ್ಲ.
ಮೊದಲ ಚೌಕದ ಮೂಲೆಯಲ್ಲಿ ನಿಜಕ್ಕೂ ಒಂದು ಬೆಕ್ಕು;
ಜಾಗ ತುಂಬಲೆಂದು ಬಿಡಿಸಿದ್ದು, ಮರೆತದ್ದು.

ಮುಂದಿನ ಸಂಚಿಕೆಯಲ್ಲಿ ಪ್ರಯಾಣವೇ ಇಲ್ಲ.
ಇಪ್ಪತ್ತನಾಲ್ಕು ಪುಟ, ಒಂದೇ ಅಡುಗೆಮನೆ.
ನೆರೆಮನೆಯವನೊಬ್ಬ ಬಗ್ಗಿ ತಟ್ಟೆಗೆ ಹಾಲು ಹುಯ್ಯುತ್ತಾನೆ,
ಪುಟದಿಂದ ಪುಟಕ್ಕೆ ಬೆನ್ನು ಗೂನಾಗುತ್ತದೆ,
ಬೆಕ್ಕು ಬದಲಾಗುತ್ತದೆ: ಕರಿಯದು, ಬೂದಿಯದು, ಮತ್ತೆ ಕರಿಯದು.
ಕಿಟಕಿಯಾಚೆ ಟೇ ನದಿಯ ಕತ್ತಲು, ಮೇಲೊಂದು ಬಿಳಿ ಚುಕ್ಕಿ
ಕದಲಿದ ಹಾಗೆ, ಕದಲದ ಹಾಗೆ.

ಅಚ್ಚಿನ ದೋಷವೆಂದು
ಮೊದಲ ಹದಿನೆಂಟು ಪ್ರತಿಗಳಲ್ಲಿ
ನಾನದನ್ನು ಕರಿ ಪೆನ್ನಿನಿಂದ ಮುಚ್ಚಿಬಿಟ್ಟಿದ್ದೆ.