ಹರಿಯುವ ಕೂಲಿ

ಎಡಮಂಡಿಗೆ ಎರಡು ರೂಪಾಯಿ, ಬಲಕ್ಕೂ ಎರಡು.
ತೊಡೆಯ ಮೇಲೆ ಬೆಕ್ಕು ಪರಚಿದಂತೆ ಮೂರು ಗೀರು ಬೇಕೆಂದರೆ
ಅದಕ್ಕೆ ಬೇರೆ, ಮುಕ್ಕಾಲು.
ಕೌಲ್ ಬಜಾರಿನ ತಗಡಿನ ಶೆಡ್ಡಿನಲ್ಲಿ
ಹೊಸ ಪ್ಯಾಂಟಿಗೆ ವಯಸ್ಸು ಮಾಡುವುದು ನನ್ನ ಕೆಲಸ.
ಕಾಲೊಳಗೆ ಬಲೂನು ತೂರಿಸಿ ಗಾಳಿ ತುಂಬಿದರೆ
ಇಲ್ಲದ ಮನುಷ್ಯನ ಮಂಡಿ ಕೈಗೆ ಸಿಗುತ್ತದೆ.
ಉಪ್ಪುಕಾಗದದಲ್ಲಿ ಅದನ್ನು ಉಜ್ಜುತ್ತೇನೆ:
ಯಾರೋ ಹತ್ತು ವರ್ಷ ನೆಲ ಸಾರಿಸಿದಷ್ಟು ಸವೆತ
ಏಳು ನಿಮಿಷದಲ್ಲಿ.
ಆಮೇಲೆ ಬ್ಲೇಡು.
ನಿಂತ ನೀಲಿ ಎಳೆ ಕಿತ್ತು, ಅಡ್ಡ ಬಿಳಿ ಎಳೆ ಉಳಿಸಬೇಕು.
ಹರಿಯುವುದಕ್ಕೂ ಹದ ಉಂಟು.

ಅವ್ವನಿಗೆ ಹೊಲಿಗೆ ಕೆಲಸ ಎಂದಷ್ಟೇ ಹೇಳಿದ್ದೆ.
ಅವ್ವ ಹೊನ್ನೂರಮ್ಮ, ಕೌದಿ ಹೊಲಿದವಳು.
ಸತ್ತವರ ಪಂಚೆ, ಬಾಣಂತಿಯ ಸೀರೆ,
ಶಾಲೆ ಬಿಟ್ಟವನ ಖಾಕಿ ಚಡ್ಡಿ
ಪಕ್ಕಪಕ್ಕ ಕೂತೂ ಜಗಳವಾಡದ ಹಾಗೆ
ಟಾಕು ಹಾಕಿದವಳು.
ಬ್ರೂಸ್‌ಪೇಟೆಯ ಎಷ್ಟೋ ಮನೆ
ಇವತ್ತಿಗೂ ಅವಳ ದಾರದ ಮೇಲೆ ಮಲಗುತ್ತದೆ.

ಸಂಜೆ ಮಿರ್ಚಿ ಬಂಡಿಯ ಸುತ್ತ ಇದೇ ಮಾತು.
"ಹರಕಿಗೆ ಹದಿನೆಂಟು ನೂರಾ? ನನ್ನ ಲುಂಗಿ ಪುಕ್ಕಟ ಕೊಡತೀನಿ,
ಯಾರರ ತಗೊಳ್ರಪಾ," ಅಂದ ಗಾದಿಲಿಂಗ, ಎಣ್ಣೆಗೆ ಹಿಟ್ಟು ಬಿಡುತ್ತ.
ರಿಟೈರಾದ ಡ್ರಿಲ್ ಮಾಸ್ತರಿಗೆ ಸಿಟ್ಟು:
"ಬಡವರನ್ನ ಅಣಕಸೋ ವೇಷ ಇದು."
ನರ್ಸಿಂಗ್ ಓದುವ ಶಾಕಿರಾ ಒಗ್ಗರಣಿ ಮಂಡಕ್ಕಿ ಅಗಿಯುತ್ತ ಕೇಳಿದಳು,
"ಸರ್, ಬಡವರು ಅಂದ್ರ ಯಾರು, ನಾನಲ್ಲೇನು?
ರಾತ್ರಿಪಾಳಿ ಮಾಡಿ ತಗೊಂಡೀನಿ.
ಈ ಬಿಸಲಾಗ ಮಂಡಿಗರ ಗಾಳಿ ಬ್ಯಾಡೇನು?"
ಅವಳ ಹರಕಿನೊಳಗೆ
ಸೈಕಲ್ಲಿನಿಂದ ಬಿದ್ದ ಹಳೇ ಗಾಯದ ಕಲೆ.
ಮಾಸ್ತರು ಬೆಟ್ಟದ ಕಡೆ ನೋಡಿದರು.

ಕಾವಲುಗಾರ ತಾಯಪ್ಪ ಬಾಯಿ ಬಿಡಲಿಲ್ಲ.
ಅವನ ಪ್ಯಾಂಟೂ ಅಲ್ಲೇ, ಅದೇ ಜಾಗದಲ್ಲಿ ಹರಿದಿದೆ.
ಊಟದ ಡಬ್ಬಿಯನ್ನು ಅದರ ಮೇಲಿಟ್ಟುಕೊಂಡು ಕೂತಿದ್ದ.

ಹಬ್ಬದ ಮುಂದಿನ ತುರ್ತು ಆರ್ಡರು.
ಹನ್ನೆರಡು ಪೀಸು ಮನೆಗೆ ತಂದು
ರಾತ್ರಿ ಒಂದರವರೆಗೆ ಹರಿದು, ಮಡಚಿಟ್ಟು ಮಲಗಿದೆ.

ಬೆಳಕು ಹರಿಯಿತು.
ಒಂಬತ್ತು ಪೀಸಿನಲ್ಲಿ ಬೇರೇನೂ ಹರಿದಿರಲಿಲ್ಲ.
ಅವ್ವ ಗೋಡೆಗೆ ಒರಗಿ ನಿದ್ದೆಯಲ್ಲಿದ್ದಳು,
ಹತ್ತನೆಯದು ತೊಡೆಯ ಮೇಲೆ,
ಸೂಜಿ ಇನ್ನೂ ಬೆರಳ ಸಂದಿಯಲ್ಲಿ.

"ಕೈ ತಪ್ಪಿ ಹರಿದೀ ಅಂತ ತಿಳದೆ.
ಮಾಲಕ ಪಗಾರ ಹಿಡೀತಾನ ಅಂತ..."

ನಾನು ನಕ್ಕೆನೋ ಚೀರಿದೆನೋ ನೆನಪಿಲ್ಲ.
ಎಲ್ಲ ಹೇಳಿದೆ. ಮಂಡಿ, ಗೀರು, ದರ, ಬಲೂನು.
ಅವ್ವ ಬಹಳ ಹೊತ್ತು ಬೆರಳು ಮಡಚಿದಳು.
"ಎರಡು ಮಂಡಿಗೆ ನಾಕು.
ಒಂದು ಕೌದಿಗೆ ನನಗ ಮೂವತ್ತು ಕೊಟ್ಟಿದ್ರು,
ಹದಿನೈದು ದಿನದ ಕೆಲಸಕ್ಕ."
ಮತ್ತೆ, ಮೆಲ್ಲಗೆ:
"ಮೊದಲs ಹೇಳಿದ್ರ ನಾನೂ ಹರೀತಿದ್ನೆಲ್ಲ."

ಬ್ಲೇಡು ಕೊಟ್ಟೆ. ಹಿಡಿದಳು.
ಬಟ್ಟೆಯ ಮೇಲೆ ಇಟ್ಟಳು, ತೆಗೆದಳು, ಇಟ್ಟಳು.
"ನೀನs ಮಾಡು. ಕೈ ಒಲ್ಲೆ ಅಂತೈತಿ."

ನಾನು ಮಾಡಿದೆ. ಅವಳ ಟಾಕು ಬಿಡಲಿಲ್ಲ.
ಸುತ್ತಲಿನ ಬಟ್ಟೆ ಜಗ್ಗಿ ಸೋತಿತು, ದಾರ ನಿಂತಿತು.
ಹತ್ತೂ ಪೀಸು ರಿಜೆಕ್ಟು.
ಮಾಲೀಕ ವಿಠೋಬಣ್ಣ, ಶಿಂಪಿಗರ ಮನೆತನದವನು,
ಒಂದರ ಮಂಡಿಯನ್ನು ಹೆಬ್ಬೆರಳಿನಲ್ಲಿ ಸವರಿ
"ಯಾರ ಕೈ ಇದು?" ಅಂದ.
ಉತ್ತರಕ್ಕೆ ಕಾಯದೆ ಅದನ್ನು ಕಪಾಟಿನಲ್ಲಿಟ್ಟ.
ನಲವತ್ತು ರೂಪಾಯಿ ಮಾತ್ರ ಬಿಡದೆ ಮುರಿದುಕೊಂಡ.

ಹೊರಗೆ ಮೋರಿಯಲ್ಲಿ ವಾಷಿಂಗಿನ ನೀಲಿ ನೀರು
ಹರಿಯುತ್ತಲೇ ಇತ್ತು.

ಈಗ ಅವ್ವ ಏನೂ ಕೇಳುವುದಿಲ್ಲ.
ನಾನು ಮಂಡಿ ಹರಿಯುವಾಗ ಎದುರಿಗೆ ಕೂತು
ಕಿತ್ತ ನೀಲಿ ಎಳೆಗಳನ್ನು ಒಂದೊಂದೇ ಆಯ್ದು
ಬೆರಳಿಗೆ ಸುತ್ತಿಕೊಳ್ಳುತ್ತಾಳೆ.
"ದಾರ ಬಿಸಾಕಬ್ಯಾಡ," ಅನ್ನುತ್ತಾಳೆ,
"ಗಟ್ಟಿ ಐತಿ."